ಹದಿನೈದು ಸಾವಿರ ಸಹಿಗಳು ನಡೆದ ದಾರಿ

ಲಂಡನ್ ಎಂಬ ಒಂದೇ ಹೆಸರಿನಲ್ಲಿ ಎರಡು ಊರುಗಳು ಅಡಗಿವೆ. ಹಳೆಯ ಕೋಟೆಗೋಡೆಯ ಒಳಗೆ ವರ್ತಕರೂ ಕಸುಬುದಾರರೂ ಕಟ್ಟಿ ಬೆಳೆಸಿದ ಪೇಟೆ ಒಂದು. ಅದನ್ನು ಅಲ್ಲಿಯ ಜನ ಇಂದಿಗೂ ಬರಿಯ ‘ಸಿಟಿ’ ಎಂದೇ ಕರೆಯುತ್ತಾರೆ. ಥೇಮ್ಸ್ ನದಿಯ ಅದೇ ದಂಡೆಯಲ್ಲಿ, ಎರಡು ಮೈಲಿಗಿಂತ ತುಸು ಹೆಚ್ಚು ದೂರದಲ್ಲಿ, ಅರಸರ ಆಶ್ರಯದಲ್ಲಿ ಹುಟ್ಟಿಕೊಂಡ ವೆಸ್ಟ್‌ಮಿನ್‌ಸ್ಟರ್ ಇನ್ನೊಂದು. ಮೊದಲನೆಯದರಲ್ಲಿ ಹಣವಿತ್ತು, ಎರಡನೆಯದರಲ್ಲಿ ಆಳ್ವಿಕೆಯಿತ್ತು. ಇವೆರಡನ್ನೂ ಜೋಡಿಸುವ ಹಾದಿಯಲ್ಲಿ ಇಂದು ಕೆಂಪು ಬಸ್ಸುಗಳು ಸಾಲುಗಟ್ಟಿ ಹೋಗುತ್ತವೆ. ಪರದೇಶದಿಂದ ಬಂದ ಪ್ರವಾಸಿ ಅದರಲ್ಲೊಂದನ್ನು ಹತ್ತಿ, ಅಂಗಡಿಗಳ ಕಿಟಕಿಗಳನ್ನು ನೋಡುತ್ತ ನೋಡುತ್ತಲೇ ಪಾರ್ಲಿಮೆಂಟಿನ ಗಡಿಯಾರ ಗೋಪುರದ ಮುಂದೆ ಇಳಿದುಬಿಡುತ್ತಾನೆ. ಆದರೆ ಈ ಹಾದಿ ಬಸ್ಸಿನಲ್ಲಿ ಕಳೆದುಬಿಡಬೇಕಾದುದಲ್ಲ. ಕಾಲ್ನಡಿಗೆಯಲ್ಲಿ ಹೋದರೆ ಅದು ಒಂದು ಕತೆಯನ್ನು ಹೇಳುತ್ತದೆ.

1640ನೆಯ ಇಸವಿ ಡಿಸೆಂಬರ್ 11, ಶುಕ್ರವಾರ. ಅಂದು ಸಿಟಿಯ ಪೌರರು ನೂರಾರು ಮಂದಿ, ಕೆಲವರ ಲೆಕ್ಕದಲ್ಲಿ ಸಾವಿರದ ಐನೂರು ಮಂದಿ, ತಮ್ಮಲ್ಲಿದ್ದ ಒಳ್ಳೆಯ ಉಡುಪುಗಳನ್ನು ತೊಟ್ಟು ವೆಸ್ಟ್‌ಮಿನ್‌ಸ್ಟರಿಗೆ ಬಂದರು. ಕೈಯಲ್ಲಿ ಆಯುಧವಿರಲಿಲ್ಲ, ಬಾಯಲ್ಲಿ ಘೋಷಣೆಯಿರಲಿಲ್ಲ. ಅವರು ತಂದದ್ದು ಒಂದು ಅರ್ಜಿಯನ್ನು. ಅದರ ಕೆಳಗೆ ಸುಮಾರು 15,000 ಜನರ ಸಹಿಗಳಿದ್ದುವು. ನಾಡಿನ ಮಹಾಸಭೆಯ ಬಾಗಿಲಿಗೆ ಒಂದು ನಗರದ ಜನಸಾಮಾನ್ಯರು ಇಷ್ಟು ದೊಡ್ಡ ಸಂಖ್ಯೆಯಲ್ಲಿ ತಮ್ಮ ಹೆಸರುಗಳನ್ನು ಹೊತ್ತು ತಂದದ್ದು ಇಂಗ್ಲೆಂಡಿಗೇ ಹೊಸದಾಗಿತ್ತು.

ಅರ್ಜಿ ಎಂಬುದು ಮಾತ್ರ ಹೊಸದಲ್ಲ. ದೊರೆಯ ಮುಂದೆ ಬಾಗಿ ಕಷ್ಟವನ್ನು ಅರಿಕೆ ಮಾಡಿಕೊಳ್ಳುವುದು ಎಲ್ಲ ದೇಶಗಳಲ್ಲೂ ಇದ್ದ ಪದ್ಧತಿ. ಕನ್ನಡದಲ್ಲಿ ಅದಕ್ಕೆ ಬಿನ್ನಹ ಎಂಬ ಸೊಗಸಾದ ಮಾತಿದೆ. ಅದೇ ಬೇರಿನಿಂದ ಬಂದ ಬಿನ್ನವತ್ತಳೆ ಎಂಬುದನ್ನೂ ನಮ್ಮವರು ಬಲ್ಲರು: ಊರಿಗೆ ಬಂದ ದೊಡ್ಡವರಿಗೆ ಹಾರ ಹಾಕಿ, ಹೊಗಳಿ, ಓದಿ ಒಪ್ಪಿಸುವ ಕಾಗದ. ಲಂಡನ್ನಿನ ಕಾಗದ ತಲೆಬರಹದಲ್ಲಿ ವಿನಯದ ಬಿನ್ನಹವೇ ಆಗಿತ್ತು. ಒಳಗಿನ ಮಾತು ಮಾತ್ರ ಬಿನ್ನವತ್ತಳೆಗೆ ತೀರ ವಿರುದ್ಧವಾದುದು. ದೇಶದ ಧರ್ಮಾಡಳಿತದಲ್ಲಿ ಬಿಷಪ್ಪರ ಅಧಿಕಾರವನ್ನು ಬೇರು ಕೊಂಬೆಗಳ ಸಹಿತ ಕಿತ್ತುಹಾಕಬೇಕು ಎಂದು ಅದು ಕೇಳಿತು. ಆದ್ದರಿಂದಲೇ ಇತಿಹಾಸದಲ್ಲಿ ಅದಕ್ಕೆ ‘ಬೇರು-ಕೊಂಬೆ ಅರ್ಜಿ’ ಎಂಬ ಹೆಸರು ನಿಂತಿತು.

ಹಾದಿ ಶುರುವಾಗಬೇಕಾದುದು ಗಿಲ್ಡ್‌ಹಾಲಿನಿಂದ. 1411ರಲ್ಲಿ ಕಟ್ಟಲಾರಂಭಿಸಿದ ಈ ಪುರಭವನದ ಗೋಡೆಗಳು ಎರಡು ಸಲ ಬೆಂಕಿಯನ್ನು ಕಂಡಿವೆ. 1666ರ ಮಹಾ ಅಗ್ನಿಯಲ್ಲಿ ಒಮ್ಮೆ, 1940ರ ಡಿಸೆಂಬರಿನಲ್ಲಿ ಜರ್ಮನರ ಬಾಂಬುಗಳಿಂದ ಇನ್ನೊಮ್ಮೆ ಮಾಡು ಸುಟ್ಟುಹೋಯಿತು. ಇಂದು ಕಾಣುವ ಮಾಡು 1954ರದು. ಗೋಡೆಗಳು ಮಾತ್ರ ಹಳೆಯವು. ನಗರದ ಮೇಯರು, ಆಲ್ಡರ್‌ಮನ್ನರೆಂಬ ಹಿರಿಯ ಸದಸ್ಯರು, ಕಸುಬಿನ ಸಂಘಗಳ ಯಜಮಾನರು ಸೇರುತ್ತಿದ್ದುದು ಇಲ್ಲಿಯೇ. ಆದರೆ ಆ ವರುಷದ ಅರ್ಜಿ ಈ ಯಜಮಾನರ ಸಭೆಯಲ್ಲಿ ಹುಟ್ಟಿದ್ದಲ್ಲ. ಅದು ಹುಟ್ಟಿದ್ದು ಸುತ್ತಲಿನ ಓಣಿಗಳಲ್ಲಿ, ಅಂಗಡಿಗಳ ಹಿಂಭಾಗದಲ್ಲಿ, ಒಂದೊಂದು ಕೇರಿಯ ಇಗರ್ಜಿಯಲ್ಲಿ. ದರ್ಜಿ, ಬಡಗಿ, ಬಟ್ಟೆ ವ್ಯಾಪಾರಿ, ಮೀನಿನ ವರ್ತಕ ಮೊದಲಾದವರ ಹೆಸರುಗಳು ಹಾಳೆಗೆ ಹಾಳೆ ಅಂಟಿಸಿ ಬೆಳೆದುವು. ಪಾರ್ಲಿಮೆಂಟಿಗೆ ಸದಸ್ಯರನ್ನು ಆರಿಸುವ ಹಕ್ಕು ನಗರದಲ್ಲಿ ಕಸುಬಿನ ಸಂಘಗಳ ಮೇಲಂತಸ್ತಿನವರಿಗೆ ಮಾತ್ರ ಇತ್ತು. ಸಹಿ ಹಾಕಿದವರಲ್ಲಿ ಬಹುಮಂದಿಗೆ ತಮ್ಮ ಬಾಳಿನಲ್ಲಿ ರಾಜ್ಯದ ವಿಷಯವಾಗಿ ಯಾರೂ ಒಂದು ಮಾತು ಕೇಳಿರಲಿಲ್ಲ.

ಕೇಳದಿದ್ದುದು ಅವರನ್ನು ಮಾತ್ರವೇ ಅಲ್ಲ. ಮೊದಲನೆಯ ಚಾರಲ್ಸ್ ದೊರೆ 1629ರಿಂದ ಹನ್ನೊಂದು ವರುಷ ಪಾರ್ಲಿಮೆಂಟನ್ನೇ ಕರೆಯದೆ ಆಳಿದ್ದನು. ಹಣ ಬೇಕಾದಾಗ ಹಳೆಯ ಕಡತಗಳಿಂದ ಹಡಗಿನ ತೆರಿಗೆಯಂಥವನ್ನು ಎಬ್ಬಿಸಿದನು. ದಿನಬಳಕೆಯ ಪದಾರ್ಥಗಳ ಮಾರಾಟದ ಗುತ್ತಿಗೆಯನ್ನು ತನಗೆ ಬೇಕಾದವರಿಗೆ ಕೊಟ್ಟನು. ಧರ್ಮದ ವಿಷಯದಲ್ಲಿ ಅವನ ಬಲಗೈ ಆರ್ಚ್‌ಬಿಷಪ್ ವಿಲಿಯಂ ಲಾಡ್. ಪ್ರಾರ್ಥನೆಯ ವಿಧಿಗಳು ಹೀಗೆಯೇ ನಡೆಯಬೇಕು, ಪೂಜೆಯ ಮೇಜು ಇಲ್ಲಿಯೇ ಇರಬೇಕು ಎಂದು ಲಾಡ್ ಕಟ್ಟಪ್ಪಣೆ ಮಾಡಿದನು; ಮಾತು ಮೀರಿದ ಬೋಧಕರನ್ನು ಕೆಲಸದಿಂದ ತೆಗೆಸಿದನು. ಕೊನೆಗೆ ಸ್ಕಾಟ್ಲೆಂಡಿನ ಮೇಲೂ ಇದೇ ವಿಧಿಯನ್ನು ಹೇರಹೋಗಿ, ಅಲ್ಲಿಯ ಜನ ಸೈನ್ಯ ಕಟ್ಟಿ ಉತ್ತರ ಇಂಗ್ಲೆಂಡಿಗೆ ನುಗ್ಗಿದ ಮೇಲೆ, ಬರಿಗೈಯಾದ ದೊರೆ ಪಾರ್ಲಿಮೆಂಟನ್ನು ಕರೆಯದೆ ಗತ್ಯಂತರವಿಲ್ಲದೆಹೋಯಿತು. 1640ರ ನವೆಂಬರ್ 3ರಂದು ಅದು ಸೇರಿತು. ಐದು ವಾರ ಕಳೆಯಿತೋ ಇಲ್ಲವೋ, ಅರ್ಜಿ ಬಾಗಿಲಲ್ಲಿತ್ತು.

ಅದರ ಜೊತೆಗೆ ಕುಂದುಕೊರತೆಗಳ ಪಟ್ಟಿಯೊಂದಿತ್ತು. ಒಟ್ಟು 28 ಕಲಮುಗಳು. ಧರ್ಮಶಾಸ್ತ್ರದ ಜಗಳವೆಂದು ಅದನ್ನು ಬದಿಗಿಡುವವರು ಕೊನೆಯ ಭಾಗವನ್ನು ಓದಬೇಕು. ಬೋಧಕರನ್ನು ಕಳೆದುಕೊಂಡು ನೊಂದ ನೇಕಾರರೂ ವರ್ತಕರೂ ಹಾಲೆಂಡಿಗೆ ಗುಳೆ ಹೋಗುತ್ತಿದ್ದಾರೆ. ಬಟ್ಟೆಯ ಉದ್ಯಮ ಅವರ ಹಿಂದೆಯೇ ಹೋಗುತ್ತಿದೆ. ಉಣ್ಣೆಗೆ ಬೆಲೆಯಿಲ್ಲ, ಬಡವರಿಗೆ ಕೆಲಸವಿಲ್ಲ, ನಾವಿಕರಿಗೆ ಹಡಗಿಲ್ಲ ಎಂದು ಅಲ್ಲಿ ದೂರಿದೆ. ಗುತ್ತಿಗೆಗಳೂ ಸುಂಕಗಳೂ ಬೆಳೆದುದನ್ನೂ ಹಡಗಿನ ತೆರಿಗೆಯನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದೆ. ದೇವರ ಮಾತಿನಿಂದ ತೊಡಗಿದ ಕಾಗದ ಅಂಗಡಿಯ ಲೆಕ್ಕಕ್ಕೆ ಬಂದು ಮುಟ್ಟುತ್ತದೆ. ಆದರೂ ಈ ಪೌರರನ್ನು ಉದಾರಿಗಳೆಂದು ಬಣ್ಣಿಸುವುದು ಸರಿಯಾಗದು. ತಮಗೆ ಒಪ್ಪಿಗೆಯಾಗದ ಪುಸ್ತಕಗಳನ್ನೂ ಲಾವಣಿಗಳನ್ನೂ ಅವರು ಅದೇ ಉಸಿರಿನಲ್ಲಿ ಹಳಿದರು. ಕ್ಯಾಥೊಲಿಕರ ಮೇಲೆ ಅವರಿಗೆ ಲೇಶಮಾತ್ರ ಕನಿಕರವಿರಲಿಲ್ಲ. ಬಿಷಪ್ಪರು ಇರಲಿ ಎಂದು ಬೇಡುವ ಅರ್ಜಿಗಳೂ ದೇಶದ ಬೇರೆ ಕಡೆಗಳಿಂದ ಮುಂದೆ ಬಂದುವು.

ಗಿಲ್ಡ್‌ಹಾಲಿನಿಂದ ಚೀಪ್‌ಸೈಡ್ ಬೀದಿ ಹಿಡಿದು ಪಶ್ಚಿಮಕ್ಕೆ ನಡೆದರೆ ಸಂತ ಪಾಲನ ಮಹಾಮಂದಿರ. ಇಂದಿನ ಗುಮ್ಮಟ 1666ರ ಬೆಂಕಿಯ ತರುವಾಯ ಕಟ್ಟಿದ್ದು. ಆಗ ಅಲ್ಲಿದ್ದುದು ಹಳೆಯ ಗಾಥಿಕ್ ಮಂದಿರ. 1561ರಲ್ಲಿ ಸಿಡಿಲು ಬಡಿದು ಶಿಖರವನ್ನು ಕಳೆದುಕೊಂಡಿದ್ದ ಅದರ ನಡುಸಾಲೆ, ಪ್ರಾರ್ಥನೆಗಿಂತ ಸುದ್ದಿಯ ಸಂತೆಗೇ ಹೆಸರಾಗಿತ್ತು. ಅಂಗಳದ ಸುತ್ತ ಪುಸ್ತಕದ ಅಂಗಡಿಗಳು. ಪೇಟೆಯ ಬಿಸಿ ಸುದ್ದಿಗಳೆಲ್ಲ ಈ ಕಂಬಗಳ ನಡುವೆ ಹಾದು ಹೋಗುತ್ತಿದ್ದುವು.

ಮುಂದೆ ಫ್ಲೀಟ್ ಬೀದಿ. ಅದರ ತುದಿಯಲ್ಲಿ ಸಿಟಿಯ ಎಲ್ಲೆಯನ್ನು ಸೂಚಿಸುವ ಟೆಂಪಲ್ ಬಾರ್. ಆ ಕಾಲದ ಮರದ ಬಾಗಿಲು ಹೋಗಿ ಕಲ್ಲಿನ ಕಮಾನು ಬಂತು. ಬಂಡಿಗಳಿಗೆ ಅಡ್ಡಿಯೆಂದು 1878ರಲ್ಲಿ ಅದನ್ನೂ ಬಿಚ್ಚಿದರು. ಬಹುಕಾಲ ಹಳ್ಳಿಯ ಒಂದು ತೋಟದಲ್ಲಿ ನಿಂತಿದ್ದ ಆ ಕಮಾನು 2004ರಲ್ಲಿ ಸಂತ ಪಾಲನ ಮಂದಿರದ ಮಗ್ಗುಲಿಗೆ ಮರಳಿದೆ. ಎಲ್ಲೆಯ ಮೂಲ ಜಾಗದಲ್ಲಿ ಈಗ ರೆಕ್ಕೆಯ ಮೃಗವೊಂದು ಕಂಬದ ಮೇಲೆ ಕುಳಿತಿದೆ. ಇದನ್ನು ದಾಟಿದರೆ ಸಿಟಿಯ ಅಧಿಕಾರ ಮುಗಿಯಿತು. ಆಚೆಗೆ ಅರಸನ ಸೀಮೆ. ಸ್ಟ್ರ್ಯಾಂಡ್ ಬೀದಿಯುದ್ದಕ್ಕೂ ಆಗ ಶ್ರೀಮಂತರ ಮಹಲುಗಳಿದ್ದು ಅವುಗಳ ತೋಟಗಳು ನದಿಯವರೆಗೂ ಇಳಿದಿದ್ದುವು. ನಡೆಯಲಾರದವರಿಗೆ ನದಿಯೇ ಹೆದ್ದಾರಿ: ನಗರಕ್ಕೆಲ್ಲ ಲಂಡನ್ ಸೇತುವೆ ಒಂದೇ ಸೇತುವೆಯಾಗಿದ್ದ ಆ ದಿನಗಳಲ್ಲಿ ಅಂಬಿಗರು ಬಾಡಿಗೆ ಕೂಗುತ್ತ ಮೆಟ್ಟಿಲುಗಳ ಬಳಿ ದೋಣಿಗಳನ್ನು ಹಿಡಿದು ಕಾದಿರುತ್ತಿದ್ದರು.

ಹಾದಿಯ ಕೊನೆಗೆ ವೆಸ್ಟ್‌ಮಿನ್‌ಸ್ಟರಿನ ಅರಮನೆಯಂಗಳ. ಇಂದು ಅದು ಕಬ್ಬಿಣದ ಕಟಕಟೆಯ ಹಿಂದಿದೆ, ಪೊಲೀಸರು ಕಾದಿರುತ್ತಾರೆ. ಇಲ್ಲಿ ಒಂದು ಗಳಿಗೆ ನಿಲ್ಲಬೇಕು. 1637ರ ಜೂನ್ 30ರಂದು ಇದೇ ಅಂಗಳದಲ್ಲಿ ಮೂವರನ್ನು, ಕೊರಳೂ ಕೈಗಳೂ ಹಲಗೆಯ ತೂತುಗಳಲ್ಲಿ ಸಿಕ್ಕುವಂತೆ ನಿಲ್ಲಿಸಿ, ಅವರ ಕಿವಿಗಳನ್ನು ಕತ್ತರಿಸಿದರು. ಒಬ್ಬ ವಕೀಲ, ವಿಲಿಯಂ ಪ್ರಿನ್; ಒಬ್ಬ ಬೋಧಕ, ಹೆನ್ರಿ ಬರ್ಟನ್; ಒಬ್ಬ ವೈದ್ಯ, ಜಾನ್ ಬ್ಯಾಸ್ಟ್‌ವಿಕ್. ಬಿಷಪ್ಪರ ವಿರುದ್ಧ ಬರೆದು ಅಚ್ಚು ಹಾಕಿಸಿದ್ದೇ ಅವರ ಅಪರಾಧ. ಪ್ರಿನ್ನನ ಕಿವಿಗೆ 1634ರಲ್ಲೇ ಒಮ್ಮೆ ಕತ್ತಿ ಬಿದ್ದಿತ್ತು. ಈ ಸಲ ಉಳಿದಿದ್ದ ಮೋಟನ್ನು ಕತ್ತರಿಸಿದರು. ಮೂವರೂ ಸೆರೆಗೆ ಹೋದರು. ಹೊಸ ಪಾರ್ಲಿಮೆಂಟು ಅವರನ್ನು ಬಿಡಿಸಿತು. 1640ರ ನವೆಂಬರ್ 28ರಂದು ಪ್ರಿನ್ ಮತ್ತು ಬರ್ಟನ್ ಲಂಡನ್ನಿಗೆ ಮರಳಿದಾಗ ಸಾವಿರಾರು ಜನ ಟೊಪ್ಪಿಗೆಗಳಲ್ಲಿ ಹಸಿರೆಲೆ ಸಿಕ್ಕಿಸಿಕೊಂಡು ಎದುರುಗೊಂಡರು. ಅದಾದ ಎರಡು ವಾರಗಳೊಳಗೆ ಬಂದದ್ದು ಆ ಅರ್ಜಿ. ಬರೆದವರ ಕಿವಿ ಹೋದ ಊರಿನಲ್ಲಿ, ಅದೇ ಮಾತಿನ ಕೆಳಗೆ ತನ್ನ ಹೆಸರು ಬರೆಯುವ ದರ್ಜಿಯ ಕೈ ಎಷ್ಟು ನಡುಗಿರಬೇಕು! ಪಾರ್ಲಿಮೆಂಟು ನಾಳೆ ಮುಗಿದುಹೋದರೆ, ದೊರೆಯ ಕೈ ಮತ್ತೆ ಮೇಲಾದರೆ, ಆ ಕಾಗದವೇ ಅಪರಾಧಿಗಳ ಪಟ್ಟಿಯಾಗುತ್ತಿತ್ತು.

ಅಂಗಳಕ್ಕೆ ತಾಗಿಕೊಂಡು ವೆಸ್ಟ್‌ಮಿನ್‌ಸ್ಟರ್ ಹಾಲ್ ನಿಂತಿದೆ. 1099ರ ಹೊತ್ತಿಗೆ ಮುಗಿದ ಗೋಡೆಗಳು, ಅದಕ್ಕೆ ಸುಮಾರು ಮುನ್ನೂರು ವರುಷಗಳ ತರುವಾಯ ಏರಿಸಿದ ಓಕ್ ಮರದ ಭವ್ಯ ಮಾಡು. ಉದ್ದ 240 ಅಡಿ, ಅಗಲ 68 ಅಡಿ. ನಡುವೆ ಒಂದು ಕಂಬವೂ ಇಲ್ಲ. ಒಳಗೆ ಕಾಲಿಟ್ಟವನ ದನಿ ತಾನಾಗಿ ತಗ್ಗುತ್ತದೆ. ಆದರೆ 1640ರಲ್ಲಿ ಇಲ್ಲಿ ಮೌನವೆಂಬುದಿರಲಿಲ್ಲ. ಮೂಲೆಗಳಲ್ಲಿ ತೆರೆದ ನ್ಯಾಯಾಲಯಗಳು ನಡೆಯುತ್ತಿದ್ದುವು. ಗೋಡೆಯುದ್ದಕ್ಕೂ ಪುಸ್ತಕ, ಕೈಗವಸು, ಲೇಸು ಮಾರುವವರ ಮಳಿಗೆಗಳು. ಕಕ್ಷಿಗಾರರು, ವಕೀಲರು, ಗಿರಾಕಿಗಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಓಡಾಡುತ್ತಿದ್ದರು. ಈ ಜಾತ್ರೆಯ ನಡುವೆ ಪೌರರು ಬಂದು ನಿಂತರು. ಪಕ್ಕದಲ್ಲೇ ಸಂತ ಸ್ಟೀಫನನ ಪ್ರಾರ್ಥನಾಮಂದಿರ. ಕಾಮನ್ಸ್ ಸಭೆ ಸೇರುತ್ತಿದ್ದುದು ಅದರಲ್ಲಿ. ಸುಮಾರು 60 ಅಡಿ ಉದ್ದ, 30 ಅಡಿಗೆ ತುಸು ಮೇಲೆ ಅಗಲ. ಐನೂರರಷ್ಟು ಸದಸ್ಯರಿಗೆ ಅದೇ ಸಭಾಂಗಣ. ಹೊರಗೆ ಕೆಮ್ಮಿದರೆ ಒಳಗೆ ಕೇಳುವಷ್ಟು ಹತ್ತಿರ. ಜನಸಮೂಹದ ಬಲವೇನೆಂಬುದು ಈ ಇಕ್ಕಟ್ಟಿನಿಂದಲೇ ಅರ್ಥವಾಗುತ್ತದೆ.

ಅರ್ಜಿಯನ್ನು ಒಳಗೆ ಒಯ್ದವನು ಐಸಾಕ್ ಪೆನಿಂಗ್‌ಟನ್. ಮೀನಿನ ವರ್ತಕರ ಸಂಘಕ್ಕೆ ಸೇರಿದ ಆಲ್ಡರ್‌ಮನ್, ಸಿಟಿಯಿಂದ ಆರಿಸಿ ಬಂದ ಸದಸ್ಯ. ಸಭೆ ಅದನ್ನು ಕೂಡಲೆ ಮುಟ್ಟಲಿಲ್ಲ. ಒಂದು ವಾರದಲ್ಲಿ ಲಾಡನ ಮೇಲೆ ದೋಷಾರೋಪಣೆಯಾಯಿತು ನಿಜ. ಅರ್ಜಿಯ ಮೇಲಿನ ದೊಡ್ಡ ಚರ್ಚೆ ಮಾತ್ರ 1641ರ ಫೆಬ್ರುವರಿಗೆ ಹೋಯಿತು. ಅಂದು ಲಾರ್ಡ್ ಡಿಗ್ಬಿ ಎದ್ದು ನಿಂತು, ಈ ಅರ್ಜಿಯನ್ನು ತಾನು ಧೂಮಕೇತುವಿನಂತೆ ಭಯದಿಂದ ನೋಡುತ್ತೇನೆಂದನು; ಅದರ ಬಾಲ ಉತ್ತರಕ್ಕೆ ಚಾಚಿದೆಯೆಂದು ಸ್ಕಾಟರ ಸೈನ್ಯವನ್ನು ನೆನಪಿಸಿದನು. ಡಿಗ್ಬಿ ಬಿಷಪ್ಪರ ಹೊಗಳುಭಟನಲ್ಲ. ಅವರ ಅನ್ಯಾಯಗಳನ್ನು ಅವನೂ ಒಪ್ಪಿದ್ದನು. ಅವನನ್ನು ಕಾಡಿದ್ದು ಬೇರೆ ಪ್ರಶ್ನೆ: ಗುಂಪು ಸೇರಿದ ಜನ ಪಾರ್ಲಿಮೆಂಟಿಗೆ ಪಾಠ ಹೇಳಬಹುದೆ? ಸಹಿಗಳು ಎಂಥವರವು, ಹೇಗೆ ಬಂದುವು ಎಂಬ ಮಾತೂ ಎದ್ದಿತು. ಪೆನಿಂಗ್‌ಟನ್ ಕೊಟ್ಟ ಉತ್ತರದಲ್ಲಿ ವರ್ತಕನ ಲೆಕ್ಕವಿದೆ: ಸಹಿಗಳನ್ನು ಗುಡಿಸಿ ಕಲೆಹಾಕಬೇಕೆಂದಿದ್ದರೆ ಹದಿನೈದು ಸಾವಿರದ ಬದಲು ಅದರ ಹದಿನೈದರಷ್ಟು ಬರುತ್ತಿದ್ದುವು ಎಂದನು. ಕೊನೆಗೆ ಅರ್ಜಿಯನ್ನು ಒಂದು ಸಮಿತಿಗೆ ಒಪ್ಪಿಸಿದರು.

ಸಮಿತಿಗೆ ಹೋದ ಕಾಗದದ ಗತಿಯನ್ನು ಇಂದಿನ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಿನಲ್ಲಿ ಮಸೂದೆ ಬಂತು, ಬೇಸಗೆ ಕಳೆಯುವಷ್ಟರಲ್ಲಿ ಅದು ಕೈಬಿಟ್ಟುಹೋಯಿತು. ಬಿಷಪ್ಪರ ಅಧಿಕಾರ ತೊಲಗಿದ್ದು 1646ರಲ್ಲಿ, ನಡುವೆ ಒಂದು ಯುದ್ಧ ನಡೆದುಹೋದ ಮೇಲೆ. ಆದರೆ ಹಾದಿಯ ರೂಢಿ ಮಾತ್ರ ಬಿದ್ದುಬಿಟ್ಟಿತು. ದೊರೆಯ ಮಂತ್ರಿ ಸ್ಟ್ರಾಫರ್ಡನಿಗೆ ಮರಣದಂಡನೆಯಾಗಲೆಂದು 1641ರ ಏಪ್ರಿಲಿನಲ್ಲಿ ಇಪ್ಪತ್ತು ಸಾವಿರ ಸಹಿಗಳು ಬಂದುವು. ಮೇ 12ರಂದು ಅವನ ತಲೆ ಉರುಳಿತು. ಆ ವರುಷದ ಡಿಸೆಂಬರಿನಲ್ಲಿ ಸಿಟಿಯಿಂದ ಬಂದ ಇನ್ನೊಂದು ಅರ್ಜಿಯ ಸುರುಳಿ 24 ಗಜ ಉದ್ದವಿತ್ತು. ಬಿಚ್ಚಿದರೆ ಸಭಾಮಂದಿರಕ್ಕಿಂತ ಉದ್ದವಾಗುವ ಅರ್ಜಿ! ಬರಬರುತ್ತ ಒಳ್ಳೆಯ ಉಡುಪಿನ ಗೃಹಸ್ಥರ ಜಾಗಕ್ಕೆ ಕಸುಬು ಕಲಿಯಲು ಸೇರಿದ ಹುಡುಗರು ಬಂದರು, ಬಿಷಪ್ಪರ ಗಾಡಿಗಳನ್ನು ತಡೆದರು, ಅಂಗಳದಲ್ಲಿ ಕತ್ತಿಗಳೂ ಹೊರಬಿದ್ದುವು. ಮೋಸದ ಮಾತೂ ಇತ್ತು. ದೊರೆಯ ಪಕ್ಷದ ಇತಿಹಾಸಕಾರ ಕ್ಲಾರೆಂಡನ್ ಬರೆದಿರುವಂತೆ, ಜನರಿಗೆ ಮೆತ್ತನೆಯ ಅರ್ಜಿ ತೋರಿಸಿ ಸಹಿ ಪಡೆದು, ಅನಂತರ ಸಹಿಗಳನ್ನು ಕತ್ತರಿಸಿ ಕಟುವಾದ ಅರ್ಜಿಗೆ ಅಂಟಿಸುತ್ತಿದ್ದರಂತೆ. ಕ್ಲಾರೆಂಡನ್ ತನ್ನ ಎದುರಾಳಿಗಳ ವಿಷಯದಲ್ಲಿ ಪೂರಾ ನಿಷ್ಪಕ್ಷಪಾತಿಯಲ್ಲ. ಆದರೂ ಸಹಿ ಸಂಗ್ರಹಿಸುವವರ ಚಾಳಿಯನ್ನು ಬಲ್ಲವರು ಅವನ ಮಾತನ್ನು ಪೂರ್ತಿ ತಳ್ಳಿಹಾಕಲಾರರು.

1642ರ ಜನವರಿ 4ರಂದು ದೊರೆ ಶಸ್ತ್ರಧಾರಿಗಳೊಡನೆ ಬಂದು ಐವರು ಸದಸ್ಯರನ್ನು ಹಿಡಿಯಲು ಸಭೆಯೊಳಕ್ಕೇ ನುಗ್ಗಿದ ಪ್ರಸಂಗ ಪ್ರಸಿದ್ಧವಾದುದು. ಆ ಐವರು ದೋಣಿ ಹತ್ತಿ ಓಡಿದ್ದು ಎಲ್ಲಿಗೆ? ಅರ್ಜಿಗಳು ಹುಟ್ಟಿದ ಸಿಟಿಯ ಓಣಿಗಳಿಗೆ. ಮರುದಿನ ದೊರೆಯೇ ಅದೇ ದಾರಿ ಹಿಡಿದು ಗಿಲ್ಡ್‌ಹಾಲಿಗೆ ಹೋಗಿ, ಅವರನ್ನು ಒಪ್ಪಿಸಿರೆಂದು ಕೇಳಬೇಕಾಯಿತು. ಜನ ಒಪ್ಪಿಸಲಿಲ್ಲ. ಸುಮಾರು ಹದಿಮೂರು ತಿಂಗಳ ಹಿಂದೆ ಬೇಡುವವರು ಸಿಟಿಯಿಂದ ವೆಸ್ಟ್‌ಮಿನ್‌ಸ್ಟರಿಗೆ ಬಂದಿದ್ದರು. ಈಗ ಬೇಡುವವನು ವೆಸ್ಟ್‌ಮಿನ್‌ಸ್ಟರಿನಿಂದ ಸಿಟಿಗೆ ಬಂದು ಬರಿಗೈಯಲ್ಲಿ ಮರಳಿದನು. ಜನವರಿ 10ರಂದು ಅವನು ಲಂಡನ್ನನ್ನು ಬಿಟ್ಟನು. ಮರುದಿನ ಐವರು ಸದಸ್ಯರು ಮೆರವಣಿಗೆಯಲ್ಲಿ ನದಿಯ ಮೇಲೆ ಹಿಂದಿರುಗಿದರು.

ಹೆಂಗಸರೂ ಈ ದಾರಿಯನ್ನು ನಡೆದರು. 1642ರ ಫೆಬ್ರುವರಿ 4ರಂದು ಆ್ಯನ್ ಸ್ಟ್ಯಾಗ್ ಎಂಬಾಕೆ, ಬಿಯರು ತಯಾರಿಸುವವನೊಬ್ಬನ ಹೆಂಡತಿ, ವ್ಯಾಪಾರಿಗಳ ಮಡದಿಯರ ಗುಂಪಿನ ಮುಂದೆ ನಿಂತು ಅರ್ಜಿ ಒಪ್ಪಿಸಿದಳು. ಕಾಮನ್ಸ್ ಸಭೆಯ ನಾಯಕ ಜಾನ್ ಪಿಮ್ ತಾನೇ ಬಾಗಿಲಿಗೆ ಬಂದು ವಂದನೆ ಹೇಳಿ, ಮನೆಗೆ ಹೋಗಿ ಅರ್ಜಿಯನ್ನು ಪ್ರಾರ್ಥನೆಯಾಗಿ ಮಾರ್ಪಡಿಸಿರೆಂದು ಬಿನ್ನವಿಸಿದನು. ಮರು ವರುಷ ಆಗಸ್ಟಿನಲ್ಲಿ, ಯುದ್ಧ ಸಾಕು, ಶಾಂತಿಯಾಗಲಿ ಎಂದು ಬಿಳಿಯ ರೇಷ್ಮೆ ಪಟ್ಟಿ ಕಟ್ಟಿಕೊಂಡು ಬಂದ ಹೆಂಗಸರಿಗೆ ಆ ಮರ್ಯಾದೆ ದೊರೆಯಲಿಲ್ಲ. ಅವರ ಮೇಲೆ ಸಿಪಾಯಿಗಳನ್ನು ಬಿಟ್ಟರು, ಪ್ರಾಣಗಳು ಹೋದುವು. 1649ರಲ್ಲಿ ಸೆರೆಯಲ್ಲಿದ್ದ ಲೆವೆಲರ್ ಪಕ್ಷದ ಮುಂದಾಳುಗಳನ್ನು ಬಿಡಿಸಲು ಬಂದವರಿಗೆ, ಇದು ನಿಮಗೆ ತಿಳಿಯುವ ವಿಷಯವಲ್ಲ, ಮನೆಗೆ ಹೋಗಿ ಗೃಹಕೃತ್ಯ ನೋಡಿಕೊಳ್ಳಿ ಎಂಬ ಉತ್ತರ ಬಂತು. ಉತ್ತರ ಕೊಟ್ಟದ್ದು ದೊರೆಯಲ್ಲ. ಅವನ ತಲೆಯನ್ನು ಆ ವರುಷದ ಜನವರಿ 30ರಂದೇ ವೈಟ್‌ಹಾಲಿನಲ್ಲಿ ಕಡಿಸಿದ್ದ ಪಾರ್ಲಿಮೆಂಟು.

ಪೌರರ ಹೆಗಲೇರಿ ಗೆದ್ದ ಸಭೆ ಹೆಗಲಿನಿಂದ ಇಳಿದ ಮೇಲೆ ತಾನೇ ಪೌರರಿಗೆ ಅಂಜತೊಡಗಿತು. ಲೆವೆಲರರ ದೊಡ್ಡ ಅರ್ಜಿಯನ್ನು 1647ರ ಮೇ ತಿಂಗಳಿನಲ್ಲಿ ಊರ ವಧಕಾರನ ಕೈಯಿಂದ ಸುಡಿಸಿತು. 1660ರಲ್ಲಿ ಸತ್ತ ದೊರೆಯ ಮಗ ಸಿಂಹಾಸನಕ್ಕೆ ಬಂದ ಮೇಲಂತೂ ಹಾದಿಗೆ ಕಾನೂನಿನ ಬೇಲಿಯೇ ಬಿದ್ದಿತು. ಧರ್ಮದಲ್ಲಾಗಲಿ ರಾಜ್ಯದಲ್ಲಾಗಲಿ ಬದಲಾವಣೆ ಬೇಡುವ ಅರ್ಜಿಗೆ 20ಕ್ಕಿಂತ ಹೆಚ್ಚು ಸಹಿಗಳನ್ನು ಪಡೆಯಬೇಕಾದರೆ ಅಧಿಕಾರಿಗಳ ಮುನ್ನೊಪ್ಪಿಗೆ ಬೇಕು. ಒಪ್ಪಿಸಲು 10ಕ್ಕಿಂತ ಹೆಚ್ಚು ಜನ ಹೋಗಕೂಡದು. ಮೀರಿದರೆ 100 ಪೌಂಡು ದಂಡ, ಮೂರು ತಿಂಗಳು ಸೆರೆ ಎಂದು 1661ರ ಶಾಸನ ವಿಧಿಸಿತು. ಹದಿನೈದು ಸಾವಿರ ಇಪ್ಪತ್ತಕ್ಕೆ ಇಳಿಯಿತು. ಪೆನಿಂಗ್‌ಟನ್ ಅದೇ ವರುಷದ ಡಿಸೆಂಬರಿನಲ್ಲಿ ಲಂಡನ್ ಟವರಿನ ಸೆರೆಯಲ್ಲಿ ಸತ್ತನು. ಆ ಶಾಸನ ಕಾನೂನು ಪುಸ್ತಕದಿಂದ ಅಳಿದದ್ದು 1986ರಲ್ಲಿ.

ಚೇರಿಂಗ್ ಕ್ರಾಸಿನಲ್ಲಿ ಕುದುರೆಯ ಮೇಲೆ ಕುಳಿತ ಚಾರಲ್ಸನ ಕಂಚಿನ ಪ್ರತಿಮೆಯಿದೆ. ಪಾರ್ಲಿಮೆಂಟು ಅದನ್ನು ಒಡೆದುಹಾಕಲೆಂದು ಒಬ್ಬ ಕಂಚುಗಾರನಿಗೆ ಮಾರಿತ್ತು. ಅವನು ಬಚ್ಚಿಟ್ಟು ಉಳಿಸಿದನು. ಲಂಡನ್ನಿನಿಂದ ಮೈಲಿಗಳನ್ನು ಅಳೆಯುವುದು ಈ ಪ್ರತಿಮೆಯಿಂದಲೇ. ದೊರೆಯ ಮುಖ ವೈಟ್‌ಹಾಲಿನ ಕಡೆಗಿದೆ: ತನ್ನ ತಲೆ ಬಿದ್ದ ಜಾಗವನ್ನೂ, ಅದರಾಚೆ ಪಾರ್ಲಿಮೆಂಟನ್ನೂ ನೋಡುವಂತೆ. ಅಲ್ಲಿ ವೆಸ್ಟ್‌ಮಿನ್‌ಸ್ಟರ್ ಹಾಲಿನ ಹೊರಗೆ 1899ರಲ್ಲಿ ನಿಲ್ಲಿಸಿದ ಕ್ರಾಮ್‌ವೆಲನ ಪ್ರತಿಮೆಯೂ ಇದೆ. ಆ್ಯನ್ ಸ್ಟ್ಯಾಗಳಿಗಾಗಲಿ ಸಹಿ ಹಾಕಿದ ದರ್ಜಿಗಾಗಲಿ ಅಲ್ಲಿ ಪ್ರತಿಮೆಯಿಲ್ಲ.

ಸಂತ ಸ್ಟೀಫನನ ಮಂದಿರ 1834ರ ಬೆಂಕಿಯಲ್ಲಿ ಹೋಯಿತು. ಕಾಮನ್ಸ್ ಸಭೆಯ ಹಳೆಯ ಕಾಗದಪತ್ರಗಳಲ್ಲಿ ಬಹುಪಾಲು ಅದರೊಡನೆ ಬೂದಿಯಾಯಿತು. ಲಾರ್ಡ್ಸ್ ಸಭೆಯ ಕಡತಗಳು ರಸ್ತೆಯಾಚೆಯ ಸಣ್ಣ ಕಲ್ಲಿನ ಗೋಪುರದಲ್ಲಿದ್ದುದರಿಂದ ಉಳಿದುವು. ಮಂದಿರವಿದ್ದ ಜಾಗದಲ್ಲಿ ಈಗ ಸಂತ ಸ್ಟೀಫನನ ಸಾಲೆಯಿದೆ. ಸ್ಪೀಕರನ ಕುರ್ಚಿ ಇದ್ದ ಸ್ಥಳವನ್ನು ನೆಲದಲ್ಲಿ ಹಿತ್ತಾಳೆಯ ಗುಬುಟುಗಳು ತೋರಿಸುತ್ತವೆ. ಪ್ರೇಕ್ಷಕರು ಗೊತ್ತಿಲ್ಲದೆ ಅವುಗಳನ್ನು ಮೆಟ್ಟಿಕೊಂಡು ಮುಂದೆ ಹೋಗುತ್ತಾರೆ. ಇಂದಿನ ಕಾಮನ್ಸ್ ಸಭೆಯಲ್ಲಿ ಸ್ಪೀಕರರ ಕುರ್ಚಿಯ ಹಿಂಬದಿಗೆ ಹಸಿರು ಬಟ್ಟೆಯ ಒಂದು ಚೀಲ ತೂಗುಹಾಕಿರುತ್ತದೆ. ಸದಸ್ಯರು ತಮ್ಮ ಊರವರ ಅರ್ಜಿಗಳನ್ನು ಅದರಲ್ಲಿ ಹಾಕಿ ಹೋಗಬಹುದು.